ಮುಳುಗಡೆ ಸೀಮೆಯಲ್ಲಿ ಮುಳುಗದ ಡಬ್ಬ!

ಹೊನ್ನೆಮರಡು!

ಈ ಹೆಸರು ಕೇಳಿದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಕಣ್ಣು ಹಾಯಿಸಿದಷ್ಟು ದೂರ ನೀರು, ನಡುವೆ ಒಂದು ಪುಟ್ಟ ದ್ವೀಪ, ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲಿ ತೇಲುವ ಬೆಂಗಳೂರಿನ ಹುಡುಗ ಹುಡುಗಿಯರು, ಸಂಜೆಯ ಕೆಂಪು ಸೂರ್ಯ... ಯುಗಳಗೀತೆಗೆ ಹೇಳಿ ಮಾಡಿಸಿದ ಲೊಕೇಷನ್, ಅಲ್ಲವೇ? ನಾಯಕ ಈ ದಡದಲ್ಲಿ, ನಾಯಕಿ ಆ ದಡದಲ್ಲಿ...

ತಾಳಿ ಸ್ವಾಮೀ! ಈ ವಾರ ನಾನು ಹೇಳಹೊರಟಿರುವ ಕಥೆಯಲ್ಲಿ ನಾಯಕನೂ ಇಲ್ಲ, ನಾಯಕಿಯೂ ಇಲ್ಲ. ಇರುವುದು ಒಂದು ಡಬ್ಬ, ಅದರೊಳಗೆ ನಾಲ್ಕು ಹಾರ್ಡ್ ಡಿಸ್ಕು. ಜೊತೆಗೆ ಒಬ್ಬಳು ಅಜ್ಜಿ. ಡಬ್ಬ ನನ್ನ ಮನೆಗೆ ತಡವಾಗಿ ಬಂತು. ಅಜ್ಜಿ ಬೇಗ ಹೋದಳು. ನಡುವೆ ನಡೆದದ್ದು ಏನು ಅನ್ನುವುದನ್ನು ಕ್ಯಾಮರಾ ಹಿಡಿದವರೆಲ್ಲ ಕೇಳಬೇಕು. ಮೊಬೈಲ್ ಬಂದ ಮೇಲೆ ಕ್ಯಾಮರಾ ಹಿಡಿಯದವರು ಯಾರಿದ್ದಾರೆ ಹೇಳಿ!

ಹೊಟ್ಟೆಗೆ ಮದುವೆ, ಮನಸ್ಸಿಗೆ ಸಿನಿಮಾ

ನಾನು ಸಾಗರದಲ್ಲಿ ಕೂತು ಎಡಿಟಿಂಗ್ ಮಾಡುವವನು. ಹೊಟ್ಟೆಪಾಡಿಗೆ ಮದುವೆ, ಉಪನಯನ, ಗೃಹಪ್ರವೇಶದ ವಿಡಿಯೋಗಳು. ಆದರೆ ಹೆಗ್ಗೋಡು ಇಲ್ಲಿಂದ ಕೂಗಳತೆಯಲ್ಲಿದೆ ನೋಡಿ, ಅದರ ಗಾಳಿ ಬೀಸದೆ ಇರುತ್ತದೆಯೇ? 1949ರಲ್ಲಿ ಹುಟ್ಟಿದ ನೀನಾಸಂ ನಾಟಕಕ್ಕಷ್ಟೇ ನಿಲ್ಲದೆ 1973ರಲ್ಲಿ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವೆ ಜಗತ್ತಿನ ಸಿನಿಮಾ ತೋರಿಸಿದ ಊರು ಅದು. ಆ ಗಾಳಿ ನನಗೂ ತಾಗಿತ್ತು. ಕ್ಯಾಮರಾ ಹಿಡಿಯುವ ಗೆಳೆಯನೊಬ್ಬ, ಶಿವಮೊಗ್ಗದಿಂದ ಬರುವ ಸೌಂಡ್ ರೆಕಾರ್ಡಿಸ್ಟ್ ಒಬ್ಬ, ನಾನು, ಹೀಗೆ ಮೂವರು ಸೇರಿ ಕೈಯಿಂದ ದುಡ್ಡು ಹಾಕಿ ಒಂದು ಸಾಕ್ಷ್ಯಚಿತ್ರ ತೆಗೆಯಲು ಹೊರಟೆವು.

ವಿಷಯ? ಮುಳುಗಡೆ! ನಮ್ಮ ಸೀಮೆಯಲ್ಲಿ ಬೇರೆ ವಿಷಯ ಹುಡುಕಬೇಕೇ?

ಹೊನ್ನೆಮರಡಿನಲ್ಲಿ ನೀವು ನೋಡುವ ಆ ನೀರು ದೇವರು ಕೊಟ್ಟ ಸರೋವರವಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ ಮೇಲೆ ನಿಂತ ಹಿನ್ನೀರು. ಅದರಡಿಯಲ್ಲಿ ಗದ್ದೆ ಇದೆ, ತೋಟ ಇದೆ, ಮನೆಯ ಪಾಯ ಇದೆ. ಅಷ್ಟೇಕೆ, ಅದಕ್ಕೂ ಮುಂಚೆ 1948ರಲ್ಲಿ ಮುಗಿದ ಹಿರೇಭಾಸ್ಕರ ಅಣೆಕಟ್ಟು ಕೂಡ ಈ ನೀರಿನೊಳಗೇ ಇದೆ! ಅಣೆಕಟ್ಟನ್ನೇ ನುಂಗಿದ ಅಣೆಕಟ್ಟು. ಸಾಗರದ ನಾ. ಡಿಸೋಜ ಈ ನೋವನ್ನೇ ಬರೆದರು. ಅವರ ‘ದ್ವೀಪ’ ಕಾದಂಬರಿಯನ್ನು ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನ ಗಿರೀಶ್ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದರು. ಸೌಂದರ್ಯ ತಾವೇ ನಿರ್ಮಿಸಿ, ತಾವೇ ನಟಿಸಿದ ಆ ಚಿತ್ರಕ್ಕೆ ಸ್ವರ್ಣಕಮಲ ಬಂತು. ಅಂಥ ಘಟಾನುಘಟಿಗಳು ನಡೆದ ದಾರಿಯಲ್ಲಿ ನಮ್ಮದು ಇರುವೆ ಹೆಜ್ಜೆ ಅನ್ನಿ.

2023ರ ಬೇಸಿಗೆಯಲ್ಲಿ ಶೂಟಿಂಗ್. ನೀರು ಇಳಿದು ಒಣಗಿದ ಮರದ ಬೊಡ್ಡೆಗಳು ಮೇಲೆದ್ದಿದ್ದವು. ಅಂಬಾರಗೋಡ್ಲುವಿನಿಂದ ಕಳಸವಳ್ಳಿಗೆ ಬಸ್ಸನ್ನೂ ಜನರನ್ನೂ ಹೊತ್ತು ದಾಟುವ ಲಾಂಚಿನಲ್ಲಿ ಎರಡು ದಿನ ಕೂತು ಚಿತ್ರೀಕರಿಸಿದೆವು. ಕೊನೆಗೆ ಹೊನ್ನೆಮರಡಿನ ಹತ್ತಿರದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬಳನ್ನು ಕೂರಿಸಿ ಮೂರು ಗಂಟೆ ಮಾತಾಡಿಸಿದೆವು. ಮದುವೆಯಾಗಿ ಬಂದ ಮನೆ ಮುಳುಗಿದ್ದನ್ನು ಕಣ್ಣಾರೆ ಕಂಡವಳು. ಹಂಚು ಇಳಿಸಿದ್ದು, ಬಾಗಿಲು ಕಿತ್ತು ಗಾಡಿಗೆ ಹೇರಿದ್ದು, ನಾಯಿ ಮಾತ್ರ ಬರದೆ ಹಳೇ ಜಗಲಿಯಲ್ಲೇ ಕೂತದ್ದು, ಎಲ್ಲ ಹೇಳಿದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಕ್ಯಾಮರಾ ಹಿಂದೆ ನಿಂತ ನಾವೇ ಮೂಗು ಒರೆಸಿಕೊಂಡೆವು.

"ಇಷ್ಟೆಲ್ಲಾ ಹಿಡ್ಕಂಡ್ಯಲ್ಲ ತಮ್ಮಾ, ಇದ್ನೆಲ್ಲ ಎಲ್ಲಿ ಇಡ್ತೀಯಾ?" ಅಂತ ಕೊನೆಯಲ್ಲಿ ಕೇಳಿದಳು.

"ಕಂಪ್ಯೂಟರಲ್ಲಿ ಅಜ್ಜೀ, ಭದ್ರವಾಗಿರ್ತದೆ" ಅಂದೆ.

ಎಷ್ಟು ಧೈರ್ಯ ನೋಡಿ ನನಗೆ!

ಹಲಸಿನ ಮರದಂಥ ಕಂಪ್ಯೂಟರ್

ಈಗ ಸ್ವಲ್ಪ ಲೆಕ್ಕ. ಬೇಸರ ಮಾಡಿಕೊಳ್ಳಬೇಡಿ, ಈ ಲೆಕ್ಕ ತಪ್ಪಿದ್ದಕ್ಕೇ ನಾನು ಕೆಟ್ಟದ್ದು.

ಹಿಂದಿನ ಕಾಲದಲ್ಲಿ 35 ಎಂ.ಎಂ. ಫಿಲ್ಮಿನ ಸಾವಿರ ಅಡಿಯ ಒಂದು ರೀಲು ಅಂದರೆ ಬರೀ 11 ನಿಮಿಷದ ಸಿನಿಮಾ. ಫಿಲ್ಮು ದುಬಾರಿ. ಆದ್ದರಿಂದ ನಿರ್ದೇಶಕ ಹತ್ತು ಸಲ ರಿಹರ್ಸಲ್ ಮಾಡಿಸಿ ಒಂದು ಸಲ ಕ್ಯಾಮರಾ ಓಡಿಸುತ್ತಿದ್ದ. ಈಗ? ಗುಂಡಿ ಒತ್ತಿದರೆ ಒತ್ತಿದ್ದೇ! ನಮ್ಮ ಕ್ಯಾಮರಾ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ. ಅಂದರೆ ಗಂಟೆಗೆ 45 ಜಿ.ಬಿ. ಒಂದು ಗಂಟೆಯ ಚಿತ್ರಕ್ಕೆ ನಾವು ತೆಗೆದದ್ದು 60 ಗಂಟೆ. ಗುಣಿಸಿ ನೋಡಿ: 2,700 ಜಿ.ಬಿ., ಅಂದರೆ 2.7 ಟಿ.ಬಿ. ಅದರ ಮೇಲೆ ಎಡಿಟಿಂಗಿಗೆಂದು ಮಾಡಿಕೊಂಡ ಹಗುರ ಪ್ರತಿಗಳು, ಬಣ್ಣ ತಿದ್ದಿದ ಭಾರದ ಫೈಲುಗಳು, ಇನ್ನೂ ಆಲ್ಬಮ್ ಒಯ್ಯದ ಮದುವೆಯವರ ವಿಡಿಯೋಗಳು. ಒಟ್ಟು ಸುಮಾರು 6 ಟಿ.ಬಿ.

ಇದನ್ನೆಲ್ಲ ಎಲ್ಲಿಟ್ಟಿದ್ದೆ ಅಂತೀರಿ? ಕಂಪ್ಯೂಟರಿನ ಹೊಟ್ಟೆಯೊಳಗೆ ಮೂರು ಡಿಸ್ಕು, ಮೂರೂ ಕಂಠಮಟ್ಟ ಭರ್ತಿ. ಹೊರಗೆ ಐದು ಪುಟಾಣಿ ಡಿಸ್ಕುಗಳು ವೈರಿನಲ್ಲಿ ನೇತಾಡುತ್ತಿದ್ದವು, ಹಲಸಿನ ಮರಕ್ಕೆ ಕಾಯಿ ಜೋತುಬಿದ್ದ ಹಾಗೆ! ಒಂದೊಂದು ದಿನದ ಶೂಟಿಂಗ್ ಒಂದೊಂದರಲ್ಲಿ. ಯಾವುದರಲ್ಲಿ ಏನಿದೆ ಅಂತ ಗುರುತಿಗೆ ಪ್ಲಾಸ್ಟರ್ ಅಂಟಿಸಿ ಪೆನ್ನಲ್ಲಿ ಬರೆದಿದ್ದೆ. ಪ್ರತಿ? ಎರಡನೇ ಪ್ರತಿ? "ಈ ತಿಂಗಳ ಪೇಮೆಂಟ್ ಬಂದ ಮೇಲೆ ಮಾಡೋಣ" ಅಂತ ತಿಂಗಳು ತಿಂಗಳೂ ಹೇಳಿಕೊಳ್ಳುತ್ತಿದ್ದೆ. ಕ್ಯಾಮರಾದ ಕಾರ್ಡುಗಳನ್ನು ಅಳಿಸಿ ಮುಂದಿನ ಮದುವೆಗೆ ಒಯ್ದಾಗಿತ್ತು.

ಟಕ್... ಟಕ್... ಟಕ್...

ಜುಲೈ ತಿಂಗಳು. ಮಲೆನಾಡಿನ ಮಳೆ ಅಂದರೆ ನಿಮಗೆ ಗೊತ್ತೇ ಇದೆ. ಕರೆಂಟು ಹೋಗುವುದು, ಬರುವುದು, ಮತ್ತೆ ಹೋಗುವುದು. ಆ ರಾತ್ರಿ ಎಡಿಟಿಂಗಿಗೆ ಕೂತವನಿಗೆ ಮಳೆ ಸದ್ದಿನ ನಡುವೆ ಇನ್ನೊಂದು ಸದ್ದು ಕೇಳಿಸಿತು. ಟಕ್... ಟಕ್... ಟಕ್... ಗೋಡೆಯ ಹಲ್ಲಿ ಇರಬೇಕು ಅಂದುಕೊಂಡೆ. ಅಲ್ಲ! ಮೂರನೇ ಪ್ಲಾಸ್ಟರಿನ ಡಿಸ್ಕು!

ಹಾರ್ಡ್ ಡಿಸ್ಕ್ ಅಂದರೆ ಏನು ಅಂದುಕೊಂಡಿದ್ದೀರಿ? ಒಳಗೆ ಕನ್ನಡಿಯಂಥ ತಟ್ಟೆ, ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಅದರ ಮೇಲೆ ಕೂದಲೆಳೆಗಿಂತಲೂ ಎಷ್ಟೋ ಪಾಲು ಸಣ್ಣ ಸಂದಿಯಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಗ್ರಾಮಾಫೋನ್ ಮುಳ್ಳು ಪ್ಲೇಟಿಗೆ ತಾಗಿದರೆ ಹಾಡು. ಈ ಮುಳ್ಳು ತಟ್ಟೆಗೆ ತಾಗಿದರೆ ಕಥೆ ಮುಗಿಯಿತು.

ಬೆಂಗಳೂರಿಗೆ ಕಳಿಸಿದೆ. ಬಿಚ್ಚಿ ನೋಡಿದವರು, "ತಟ್ಟೆ ಗೀಚಿಹೋಗಿದೆ ಸಾರ್, ಏನೂ ಬರಲ್ಲ" ಅಂದರು.

ಆ ಡಿಸ್ಕಿನಲ್ಲಿ ಇದ್ದದ್ದು ಅಜ್ಜಿ. ಪೂರ್ತಿ ಮೂರು ಗಂಟೆ.

ಶಿವಮೊಗ್ಗದ ಸೌಂಡ್ ಗೆಳೆಯನಿಗೆ ಫೋನ್ ಮಾಡಿದೆ. ಆತ ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ, "ಮಾರಾಯಾ, ನನ್ನ ರೆಕಾರ್ಡರಿನ ಕಾರ್ಡು ನಾನು ಅಳಿಸಿಲ್ಲ, ಬ್ಯಾಗಲ್ಲೇ ಇದೆ" ಅಂದ. ಸೋಮಾರಿತನಕ್ಕೆ ಒಂದು ನಮಸ್ಕಾರ! ಮಾತು ಉಳಿಯಿತು. ಮುಖ ಹೋಯಿತು.

ಮಳೆಯಲ್ಲೇ ಹೊನ್ನೆಮರಡಿಗೆ ಓಡಿದೆ. ಅಜ್ಜಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯಲಿಲ್ಲ. "ಅದಕ್ಕೆಂತ ಮಾಡಾದು, ಇನ್ನೊಂದ್ಸಲ ಹೇಳನ. ಈಗ ಮಳಿ. ಭೂಮಿ ಹುಣ್ಣಿಮೆ ಕಳೀಲಿ, ಬಾ" ಅಂದಳು. ನಾನು ದಿನ ಎಣಿಸುತ್ತಾ ಕೂತೆ.

ಭೂಮಿ ಹುಣ್ಣಿಮೆಗೆ ಇನ್ನೂ ಹದಿನೈದು ದಿನ ಇತ್ತು. ಮೊಮ್ಮಗನ ಫೋನ್ ಬಂತು. "ಅಣ್ಣಾ, ಅಜ್ಜಿ ಹೋದ್ರು."

ಡಬ್ಬ ಬಂತು ಡಬ್ಬ!

ಅಜ್ಜಿಯ ಕಾರ್ಯ ಮುಗಿಸಿಕೊಂಡು ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ ಶಿವಮೊಗ್ಗಕ್ಕೆ ಹೋದದ್ದು. ಕಂಪ್ಯೂಟರ್ ಅಂಗಡಿಯವರು ತೋರಿಸಿದ್ದು ಟಿಫನ್ ಕ್ಯಾರಿಯರಿನಂಥ ಕಪ್ಪು ಡಬ್ಬ. ಮುಂದೆ ನಾಲ್ಕು ಬಾಗಿಲು, ಒಂದೊಂದರಲ್ಲಿ ಒಂದೊಂದು ದೊಡ್ಡ ಡಿಸ್ಕು, ಹಿಂದೆ ಒಂದು ಫ್ಯಾನು, ಕಂಪ್ಯೂಟರಿಗೆ ಒಂದೇ ಒಂದು ವೈರು. ನಾಲ್ಕು ಡಿಸ್ಕು ಒಳಗಿದ್ದರೂ ಕಂಪ್ಯೂಟರಿನ ಕಣ್ಣಿಗೆ ಅದು ಒಂದೇ ಭಾರೀ ಡಿಸ್ಕು. ಹಳೇ ಸ್ಕೂಟರಿನಷ್ಟು ದುಡ್ಡು ಆಯಿತು. ನಾಲ್ಕು ಟಿ.ಬಿ.ಯ ನಾಲ್ಕು ಡಿಸ್ಕು ಹಾಕಿಸಿದೆ.

"ಯಾವ ರೇಡ್ ಹಾಕಲಿ ಸಾರ್?" ಅಂತ ಅಂಗಡಿ ಹುಡುಗ ಕೇಳಿದ. ನನಗೆ ಇನ್‌ಕಮ್ ಟ್ಯಾಕ್ಸಿನವರ ರೇಡ್ ಒಂದೇ ಗೊತ್ತು! ಹುಡುಗ ವಿವರಿಸಿದ. ಅವನು ಹೇಳಿದ್ದನ್ನು ನಿಮಗೆ ನಮ್ಮ ಸಿನಿಮಾ ಭಾಷೆಯಲ್ಲಿ ಹೇಳುತ್ತೇನೆ.

ರೇಡ್ ಸೊನ್ನೆ: ಇದು ಕೋರಸ್ ಹಾಡು. ಒಂದು ಸಾಲು ಒಬ್ಬ, ಮುಂದಿನ ಸಾಲು ಇನ್ನೊಬ್ಬ. ಎಲ್ಲರೂ ಹಂಚಿಕೊಂಡು ಹಾಡುವುದರಿಂದ ಬಹಳ ವೇಗ. ಜಾಗವೂ ಪೂರ್ತಿ ಸಿಗುತ್ತದೆ. ಆದರೆ ಒಬ್ಬ ಗಾಯಕ ಕೈಕೊಟ್ಟರೆ ಹಾಡೇ ಹೋಯಿತು. ಇದರ ಗೊಡವೆ ಬೇಡ.

ರೇಡ್ ಒಂದು: ಇದು ದ್ವಿಪಾತ್ರ! ಒಂದು ಡಿಸ್ಕಿನಲ್ಲಿ ಇದ್ದದ್ದೇ ಇನ್ನೊಂದರಲ್ಲೂ. ಅಣ್ಣ ಸತ್ತರೆ ತಮ್ಮ ಅದೇ ವೇಷದಲ್ಲಿ ಬಂದು ಕಥೆ ಮುಂದುವರಿಸುತ್ತಾನೆ. ಭದ್ರ, ಆದರೆ ಕೊಟ್ಟ ದುಡ್ಡಿಗೆ ಅರ್ಧವೇ ಜಾಗ.

ರೇಡ್ ಐದು: ಇದು ಟೆಂಟ್ ಸಿನಿಮಾದ ಕಲೆಕ್ಷನ್ ಚೀಟಿ. ನೆಲ 210, ಬೆಂಚು 140, ಕುರ್ಚಿ 90, ಒಟ್ಟು 440 ಅಂತ ಬರೆದಿದ್ದಾರೆ ಅನ್ನಿ. ಮಳೆಗೆ ನೆನೆದು ಬೆಂಚಿನ ಲೆಕ್ಕ ಅಳಿಸಿಹೋಯಿತು. ಚಿಂತೆಯಿಲ್ಲ! 440ರಲ್ಲಿ 210 ಕಳೆಯಿರಿ, 90 ಕಳೆಯಿರಿ, 140 ತಾನಾಗಿ ಬರುತ್ತದೆ. ಡಬ್ಬ ಮಾಡುವುದೂ ಇಂಥದೇ ಲೆಕ್ಕ. ಮೂರು ಡಿಸ್ಕಿನಷ್ಟು ಜಾಗ ನಿಮಗೆ, ಒಂದು ಡಿಸ್ಕಿನಷ್ಟು ಜಾಗ ಈ ‘ಒಟ್ಟು’ ಬರೆದಿಡಲಿಕ್ಕೆ. ಆ ಒಟ್ಟನ್ನು ಒಂದೇ ಕಡೆ ಇಡದೆ ನಾಲ್ಕರಲ್ಲೂ ಹಂಚಿರುತ್ತದೆ. ನಾಲ್ಕರಲ್ಲಿ ಯಾವುದೇ ಒಂದು ಸತ್ತರೂ ಕೆಲಸ ನಿಲ್ಲದು. ಹೊಸ ಡಿಸ್ಕು ಹಾಕಿದರೆ ಕೂಡಿ ಕಳೆದು ಮತ್ತೆ ತುಂಬಿಸಿಕೊಳ್ಳುತ್ತದೆ. ಆದರೆ ಎರಡು ಅಂಕಿ ಒಟ್ಟಿಗೆ ಅಳಿಸಿದರೆ ದೇವರೇ ಗತಿ!

ನಾನು ಐದನ್ನೇ ಹಾಕಿಸಿದೆ. 16 ಟಿ.ಬಿ. ಕೊಂಡವನಿಗೆ 12 ಸಿಕ್ಕಿತು. ಮನೆಗೆ ತಂದು ನೋಡಿದರೆ ಕಂಪ್ಯೂಟರ್ 10.9 ಅನ್ನುತ್ತಿದೆ! ಮೋಸವೇ? ಅಲ್ಲ. ಡಿಸ್ಕು ಮಾಡುವವರು ಸಾವಿರದಲ್ಲಿ ಎಣಿಸುತ್ತಾರೆ, ಕಂಪ್ಯೂಟರ್ 1,024ರಲ್ಲಿ ಎಣಿಸುತ್ತದೆ. ಮಾಲು ಅಷ್ಟೇ, ಅಳೆಯುವ ಸೇರು ಬೇರೆ.

ಮನೆ ಬದಲಿಸುವ ಕಷ್ಟ

ಡಬ್ಬ ಬಂತು, ಸರಿ. ಈಗ 6 ಟಿ.ಬಿ. ಸಾಮಾನು ಹಳೇ ಮನೆಯಿಂದ ಹೊಸ ಮನೆಗೆ ಸಾಗಿಸಬೇಕು. ವೈರು ಸಿಕ್ಕಿಸಿ ಕಾಪಿಗೆ ಹಾಕಿದೆ. "ಇನ್ನೂ 48 ಗಂಟೆ" ಅಂತ ತೋರಿಸಿತು! ಎದೆ ಧಸಕ್ಕೆಂದಿತು. ಎರಡು ದಿನ ಕರೆಂಟು ಹೋಗದೆ ಇರುತ್ತದೆಯೇ ನಮ್ಮೂರಲ್ಲಿ?

ಬಗ್ಗಿ ನೋಡಿದರೆ ತಪ್ಪು ನನ್ನದೇ. ಕಂಪ್ಯೂಟರಿನ ಹಿಂದೆ ಕಪ್ಪು ನಾಲಿಗೆಯ ತೂತೂ ಇದೆ, ನೀಲಿ ನಾಲಿಗೆಯ ತೂತೂ ಇದೆ. ಕಪ್ಪು ಹಳೇ ಯು.ಎಸ್.ಬಿ. 2, ಸೆಕೆಂಡಿಗೆ 35 ಎಂ.ಬಿ. ಸಾಗಿಸಿದರೆ ಹೆಚ್ಚು. ನೀಲಿ ಯು.ಎಸ್.ಬಿ. 3. ವೈರು ಬದಲಿಸಿ ನೀಲಿಗೆ ಹಾಕಿದೆ, ವೇಗ ಸೆಕೆಂಡಿಗೆ 150 ಎಂ.ಬಿ.ಗೆ ಏರಿತು. 48 ಗಂಟೆ ಇದ್ದದ್ದು 11 ಗಂಟೆಗೆ ಇಳಿಯಿತು! ಅದೇ ಡಬ್ಬ, ಅದೇ ವೈರು, ತೂತು ಮಾತ್ರ ಬೇರೆ. ಡಬ್ಬ ನಿಧಾನ ಅಂತ ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮುಂಚೆ ಒಮ್ಮೆ ಬಗ್ಗಿ ನೋಡಿ ಸ್ವಾಮೀ.

ಕಾಪಿ ಆಯಿತು ಅಂದ ಮಾತ್ರಕ್ಕೆ ಹಳೆಯದನ್ನು ಅಳಿಸಬೇಡಿ. ದಾರಿಯಲ್ಲಿ ಒಂದು ಮೂಟೆ ಬಿದ್ದಿದ್ದರೆ? ಚೆಕ್‌ಸಮ್ ಅಂತ ಒಂದು ಲೆಕ್ಕ ಇದೆ. ಹಳೇ ಫೈಲಿಗೂ ಹೊಸ ಫೈಲಿಗೂ ಬೆರಳಚ್ಚು ತೆಗೆದು ತಾಳೆ ನೋಡಿದ ಹಾಗೆ. ಒಂದು ಅಕ್ಷರ ಹೆಚ್ಚುಕಮ್ಮಿಯಾದರೂ ಬೆರಳಚ್ಚು ಹೊಂದುವುದಿಲ್ಲ. ಅದಕ್ಕೆ ಇನ್ನೊಂದು ರಾತ್ರಿ ಹಿಡಿಯಿತು. ಎರಡು ಫೈಲು ಕೈಕೊಟ್ಟಿದ್ದವು. ಮತ್ತೆ ಕಾಪಿ ಮಾಡಿದೆ.

ಬೆಳಿಗ್ಗೆ ಎಡಿಟಿಂಗ್ ತೆರೆದರೆ ಪರದೆಯೆಲ್ಲ ಕೆಂಪು! ‘ಮೀಡಿಯಾ ಆಫ್‌ಲೈನ್’! ಹೆದರಬೇಡಿ, ಏನೂ ಹೋಗಿರುವುದಿಲ್ಲ. ಸಾಮಾನು ಮನೆ ಬದಲಿಸಿದೆ, ಪೋಸ್ಟ್‌ಮ್ಯಾನಿಗೆ ಹೊಸ ವಿಳಾಸ ಗೊತ್ತಿಲ್ಲ, ಅಷ್ಟೇ. ಒಂದು ಫೈಲಿನ ಹೊಸ ಜಾಗ ತೋರಿಸಿದರೆ ಅಕ್ಕಪಕ್ಕದವನ್ನು ಅದೇ ಹುಡುಕಿಕೊಳ್ಳುತ್ತದೆ. ಆದರೆ ಒಂದು ಷರತ್ತು: ಫೋಲ್ಡರುಗಳ ಹೆಸರು, ಜೋಡಣೆ ಹಿಂದೆ ಇದ್ದ ಹಾಗೇ ಇರಬೇಕು. ಮನೆ ಬದಲಿಸುವಾಗಲೇ ಸಾಮಾನು ಒಪ್ಪ ಮಾಡಲು ಹೋದರೆ ಉಪ್ಪಿನ ಭರಣಿ ಎಲ್ಲಿ, ಒನಕೆ ಎಲ್ಲಿ ಅಂತ ಹುಡುಕುವ ಪಾಡು.

ನಮ್ಮ ಮಲೆನಾಡಿಗೆ ಇನ್ನೂ ಎರಡು ಮಾತು. ಯು.ಪಿ.ಎಸ್. ಇಲ್ಲದೆ ಡಬ್ಬ ಹಚ್ಚಬೇಡಿ. ಬರೆಯುತ್ತಿರುವಾಗ ಕರೆಂಟು ಹೋದರೆ ‘ಒಟ್ಟು’ ಲೆಕ್ಕವೇ ತಪ್ಪಬಹುದು. ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ, ಸಿಡಿಲಿಗೆ ಯಾವ ರೇಡೂ ಲೆಕ್ಕಕ್ಕಿಲ್ಲ. ನಾಲ್ಕು ಡಿಸ್ಕು ಒಟ್ಟಿಗೆ ತಿರುಗಿದರೆ ಬಿಸಿಯಾಗುತ್ತದೆ, ಆದ್ದರಿಂದ ಅಲ್ಮೇರಾದೊಳಗೆ ತುರುಕಿ ಫ್ಯಾನಿನ ಉಸಿರು ಕಟ್ಟಿಸಬೇಡಿ.

ಡಬ್ಬವೂ ಮೋಸ ಮಾಡಿತೇ?

ಇನ್ನೇನು, ನಿಶ್ಚಿಂತೆ! ಅಂತ ನಾಲ್ಕು ತಿಂಗಳು ಕಾಲು ಚಾಚಿ ಮಲಗಿದೆ. 2024ರ ಫೆಬ್ರವರಿ. ಸಹಾಯಕ್ಕೆ ಬರುತ್ತಿದ್ದ ಅಕ್ಕನ ಮಗ, ಜಾಗ ಖಾಲಿ ಮಾಡಲೆಂದು ಒಂದು ಹಳೇ ಮದುವೆ ಫೋಲ್ಡರ್ ಅಳಿಸಹೋಗಿ, ಪಕ್ಕದ ಫೋಲ್ಡರ್ ಅಳಿಸಿಬಿಟ್ಟ. ಅದರಲ್ಲಿ ಇದ್ದದ್ದು ಲಾಂಚಿನ ಎರಡು ದಿನದ ಶೂಟಿಂಗ್!

"ಮಾವಾ, ನಾಲ್ಕು ಡಿಸ್ಕು ಇದ್ಯಲ್ಲ, ಒಂದ್ರಲ್ಲಾದ್ರೂ ಇರ್ತದೆ ಅಲ್ವಾ?" ಅಂತ ಅಳುಮೋರೆ ಮಾಡಿದ.

ಇಲ್ಲ ಮಗನೇ! ಇದೇ ಈ ಡಬ್ಬದ ಗುಟ್ಟು. ಡಿಸ್ಕು ಸತ್ತರೆ ಅದು ಕಾಪಾಡುತ್ತದೆ. ಆದರೆ ನೀನೇ ಅಳಿಸು ಅಂದರೆ ನಾಲ್ಕರಿಂದಲೂ ನಿಷ್ಠೆಯಿಂದ ಅಳಿಸುತ್ತದೆ. ವೈರಸ್ ಬಂದರೆ ನಾಲ್ಕಕ್ಕೂ ಬರುತ್ತದೆ. ಕಳ್ಳ ಬಂದರೆ ನಾಲ್ಕನ್ನೂ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗುತ್ತಾನೆ, ಹಿಡಿಕೆ ಬೇರೆ ಕೊಟ್ಟಿದ್ದಾರೆ! ಡಬ್ಬದೊಳಗಿನ ಲೆಕ್ಕದ ಚಿಪ್ಪು ಕೆಟ್ಟರೆ, ಆ ನಾಲ್ಕು ಡಿಸ್ಕನ್ನು ಬೇರೆ ಕಂಪನಿಯ ಡಬ್ಬಕ್ಕೆ ಹಾಕಿದರೆ ಅದಕ್ಕೆ ಓದಲು ಬರದೆಯೂ ಇರಬಹುದು. ನಾಲ್ಕು ಡಿಸ್ಕಿನ ಡಬ್ಬ ನಾಲ್ಕು ಪ್ರತಿ ಅಲ್ಲ. ಅದು ಒಂದೇ ಪ್ರತಿ. ಗಟ್ಟಿಮುಟ್ಟಾದ ಒಂದು ಪ್ರತಿ, ಅಷ್ಟೇ.

ಹಾಲಿವುಡ್ಡಿನವರಿಗೂ ಇದು ತಪ್ಪಿದ್ದಲ್ಲ ಸ್ವಾಮೀ! 1998ರಲ್ಲಿ ಅಮೆರಿಕದ ಪಿಕ್ಸಾರ್ ಕಂಪನಿಯಲ್ಲಿ ‘ಟಾಯ್ ಸ್ಟೋರಿ 2’ ತಯಾರಾಗುತ್ತಿದ್ದಾಗ ಯಾರೋ ತಪ್ಪಿ ಒಂದು ಆಜ್ಞೆ ಕೊಟ್ಟರು. ಕಣ್ಣ ಮುಂದೆಯೇ ಒಂದೊಂದು ಪಾತ್ರ ಮಾಯವಾಗತೊಡಗಿತು. ಬ್ಯಾಕಪ್ ನೋಡಿದರೆ ಅದೂ ಸರಿಯಿಲ್ಲ! ಕಾಪಾಡಿದ್ದು ಯಾರು? ಗ್ಯಾಲಿನ್ ಸಸ್‌ಮನ್ ಎಂಬ ಬಾಣಂತಿ. ಮನೆಯಿಂದಲೇ ಕೆಲಸ ಮಾಡಲೆಂದು ಆಕೆ ಚಿತ್ರದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರನ್ನು ಕಾರಿನಲ್ಲಿ ಜೋಪಾನವಾಗಿ ತಂದರು. 1999ರಲ್ಲಿ ಚಿತ್ರ ತೆರೆ ಕಂಡಿತು.

ನನಗೆ ಕಾಪಾಡಿದ್ದು ಯಾರು ಗೊತ್ತೇ? ನಮ್ಮ ಅತ್ತೆಯವರು!

ಅಜ್ಜಿಯ ಮಾತು ಕೇಳಿಸಿತು

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಡಬ್ಬ ತಂದ ಹೊಸತರಲ್ಲಿ ನಾನು ಅಜ್ಜಿಯ ಧ್ವನಿಯನ್ನು ಕಿವಿಗೆ ಹಚ್ಚಿಕೊಂಡು ಕೂತಿದ್ದೆ. ಮುಖವಿಲ್ಲದ ಮಾತಿಗೆ ಯಾವ ದೃಶ್ಯ ಜೋಡಿಸಲಿ ಅಂತ ಹುಡುಕುತ್ತಾ ಕೇಳುತ್ತಿದ್ದೆ. ಶೂಟಿಂಗಿನ ದಿನ ಬೆಳಕು, ಬ್ಯಾಟರಿ ಅಂತ ತಲೆಕೆಡಿಸಿಕೊಂಡು ನಾನು ಸರಿಯಾಗಿ ಕೇಳಿಸಿಕೊಳ್ಳದ ಒಂದು ಮಾತು ಆಗ ಕಿವಿಗೆ ಬಿತ್ತು:

"ಒಂದೇ ಗಾಡಿಗೆ ಎಲ್ಲಾ ಹೇರ್ಬ್ಯಾಡಿ ಅಂದ್ರು ನಮ್ಮ ಮಾವ. ಬೀಜದ ಭತ್ತ ಅರ್ಧ ನಮ್ಮ ಗಾಡೀಲಿ, ಅರ್ಧ ನಾದಿನಿ ಮನಿಗೆ. ದಾರೀಲಿ ಒಂದು ಗಾಡಿ ಮಗುಚಿದ್ರೂ ಬಿತ್ತೂಕೆ ಇನ್ನೊಂದು ಕಡೆ ಇರ್ತದೆ ಅಂತ."

ನಾನು ಟೇಪು ಅಲ್ಲೇ ನಿಲ್ಲಿಸಿದೆ. ಹಿಂದಕ್ಕೆ ಓಡಿಸಿ ಇನ್ನೊಮ್ಮೆ ಕೇಳಿದೆ. ಮೇ ತಿಂಗಳಲ್ಲಿ ನನ್ನ ಎದುರಿಗೇ ಕೂತು ಹೇಳಿದ್ದಳು. ಆ ಮಾತನ್ನು ತಂದು ನಾನು ಒಂದೇ ಗಾಡಿಗೆ ಹೇರಿದ್ದೆ!

ಮರುದಿನವೇ ಎರಡು ದೊಡ್ಡ ಡಿಸ್ಕು ತಂದು ಶೂಟಿಂಗಿನ ಅಷ್ಟೂ ಫೈಲುಗಳನ್ನು ಎರಡಕ್ಕೂ ಪ್ರತಿ ಮಾಡಿದೆ. ಒಂದು ನನ್ನ ಅಲ್ಮೇರಾದಲ್ಲಿ. ಇನ್ನೊಂದನ್ನು ತೀರ್ಥಹಳ್ಳಿಯ ಮಾವನ ಮನೆಗೆ ಒಯ್ದೆ. ಅತ್ತೆಯವರು, "ಇದೆಂಥದಪ್ಪಾ ಅಳಿಯಂದಿರೇ, ಒಡವೆ ಡಬ್ಬಿಯಾ?" ಅಂದರು. "ಹೌದತ್ತೆ, ಅದಕ್ಕಿಂತ ಹೆಚ್ಚು" ಅಂದೆ. ರೇಷ್ಮೆ ಸೀರೆಯ ಟ್ರಂಕಿನಲ್ಲಿ ಇಟ್ಟು ಬೀಗ ಹಾಕಿದರು. ಥಂಡಿ ಹಿಡಿಯದಂತೆ ಸಿಲಿಕಾ ಜೆಲ್ಲಿನ ಎರಡು ಪೊಟ್ಟಣವನ್ನೂ ಜೊತೆಗಿಟ್ಟೆ. ಈ ಕಸುಬಿನವರು ಇದನ್ನು ‘ಮೂರು, ಎರಡು, ಒಂದು’ ಅನ್ನುತ್ತಾರೆ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ.

ಫೆಬ್ರವರಿಯಲ್ಲಿ ಲಾಂಚ್ ಮಾಯವಾದ ದಿನ ಮೊದಲು ಅಲ್ಮೇರಾ ತೆಗೆದೆ. ಅಲ್ಲಿದ್ದ ಡಿಸ್ಕನ್ನು ಅಕ್ಕನ ಮಗ ಹಿಂದಿನ ವಾರ ಮದುವೆ ಕೆಲಸಕ್ಕೆಂದು ಅಳಿಸಿ ಬಳಸಿದ್ದ! ಆಗ ಹತ್ತಿದೆ ತೀರ್ಥಹಳ್ಳಿ ಬಸ್ಸು. ಟ್ರಂಕು ತೆಗೆದೆವು. ಡಿಸ್ಕು ಸೀರೆಯ ಮಡಿಕೆಯಲ್ಲಿ ಬೆಚ್ಚಗೆ ಕೂತಿತ್ತು. ಲಾಂಚು, ಬಸ್ಸು, ಕಂಡಕ್ಟರನ ಸೀಟಿ, ಎಲ್ಲ ಅದರೊಳಗೆ!

ಡಬ್ಬದಲ್ಲಿ ಉಳಿದದ್ದು

ಗಾಂಧಿನಗರದಲ್ಲಿ ‘ಚಿತ್ರ ಡಬ್ಬದಲ್ಲೇ ಉಳಿಯಿತು’ ಅಂದರೆ ಬೈಗುಳ. ಬಿಡುಗಡೆ ಭಾಗ್ಯ ಕಾಣದ ಚಿತ್ರ ಅಂತ. ಆದರೆ ಡಬ್ಬದಲ್ಲಾದರೂ ಉಳಿಯುವುದು ಎಷ್ಟು ದೊಡ್ಡ ಭಾಗ್ಯ ಅಂತ ಯೋಚಿಸಿದ್ದೀರಾ? ಕನ್ನಡದ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ವನ್ನು ಇಂದು ನೋಡಬೇಕೆಂದರೆ ಎಲ್ಲಿ ನೋಡುತ್ತೀರಿ? ಒಂದೇ ಒಂದು ಪ್ರಿಂಟೂ ಉಳಿದಿಲ್ಲ! ಇನ್ನೊಂದು ಕಡೆ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ ನೋಡಿ. ಅದರ ಮೂಲ ನೆಗೆಟಿವ್ ಪುಣೆಯ ಫಿಲ್ಮ್ ಆರ್ಕೈವಿನಲ್ಲಿ ಉಳಿದಿತ್ತು. ಹಾಗಾಗಿಯೇ ಹೊಸದಾಗಿ ತೊಳೆದು ತಿದ್ದಿ, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರಪಂಚದವರಿಗೆ ತೋರಿಸಲು ಸಾಧ್ಯವಾಯಿತು.

ನಮ್ಮ ಇರುವೆ ಚಿತ್ರವೂ ಮುಗಿಯಿತು. 2024ರ ಮೇ ತಿಂಗಳಲ್ಲಿ ಅಜ್ಜಿಯ ಮನೆಯಂಗಳದಲ್ಲೇ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಅಡಿಕೆ ಹಾಳೆ ಹಾಸಿಕೊಂಡು ಊರವರು ಕೂತರು. ಪಂಚೆಯ ಮೇಲೆ ನೀರು, ಲಾಂಚು, ಬೊಡ್ಡೆಗಳು. ಮೇಲಿಂದ ಅಜ್ಜಿಯ ಮಾತು. ಮುಗಿದ ಮೇಲೆ ಮೊಮ್ಮಗ ಹತ್ತಿರ ಬಂದ.

"ಚಲೋ ಆಯ್ದಣ್ಣಾ... ಆದ್ರೆ ಅಜ್ಜಿ ಮುಖ ಒಂದ್ಸಲನೂ ಬರ್ಲಿಲ್ಲ ಅಲ್ವಾ."

ನಾನು ಏನು ಹೇಳಲಿ? ಅವನ ಕೈಗೆ ಎರಡು ಪೆನ್‌ಡ್ರೈವ್ ಕೊಟ್ಟೆ. ಮೂರು ಗಂಟೆಯ ಮಾತು ಎರಡರಲ್ಲೂ ಪೂರ್ತಿ ಇತ್ತು. "ಒಂದು ನಿನ್ನ ಹತ್ರ ಇರಲಿ, ಒಂದು ನಿನ್ನ ಅತ್ತೆ ಮನೇಲಿ ಇಡು" ಅಂದೆ.

2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಶುರುವಾಯಿತು. ಒಳ್ಳೆಯದೇ ಆಯಿತು, ಲಾಂಚಿಗೆ ಕಾದು ಕಾದು ಬಸವಳಿದ ಜನ ಅವರು. ಈಗ ಬಸ್ಸು ಐದು ನಿಮಿಷದಲ್ಲಿ ನೀರು ದಾಟುತ್ತದೆ. ನಾವು ಹಿಡಿದ ಆ ಶಾಟಿಗೆ ಇನ್ನು ರೀಟೇಕ್ ಇಲ್ಲ.

ಅಂದ ಹಾಗೆ ಓದುಗ ಮಿತ್ರರೇ, ನಿಮ್ಮ ಮೊಬೈಲಿನಲ್ಲಿ ನಿಮ್ಮ ಅಜ್ಜಿ ಮಾತಾಡಿದ ವಿಡಿಯೋ ಇದೆಯೇ? ಅದು ಎಷ್ಟು ಕಡೆ ಇದೆ? ಈ ಪತ್ರಿಕೆ ಮಡಚಿ ಬಸ್ಸು ಹತ್ತುವ ಮುಂಚೆ ಲೆಕ್ಕ ಹಾಕಿ. ಒಂದೇ ಕಡೆ ಅಂತಾದರೆ, ಊರು ಮುಟ್ಟಿದ ಕೂಡಲೇ ಇನ್ನೊಂದು ಗಾಡಿ ಕಟ್ಟಿ!